ಹಾಸಿಗೆ ರಿಜಿಸ್ಟರ್

ಸಿತ್ರಾದ ಈ ಕಟ್ಟಡಕ್ಕೆ ನಾನು ಕ್ಯಾಂಪ್ ಬಾಸ್.
ಬಾಸ್ ಅಂದರೆ ಏನಿಲ್ಲ,
ಬೀಗದಕೈ ಗೊಂಚಲು, ಒಂದು ಟಾರ್ಚು,
ನೀರಿನ ಟ್ಯಾಂಕರಿಗೆ ಫೋನು ಮಾಡುವ ಹಕ್ಕು,
ಮತ್ತೆ ಈ ಉದ್ದನೆಯ ರಿಜಿಸ್ಟರು.

ಪ್ರತಿ ಹೆಸರಿನ ಮುಂದೆ ನಾಲ್ಕು ಕಾಲಂ:
ಯಾವ ಮಹಡಿ, ಯಾವ ಕೋಣೆ,
ಕೋಣೆಯೊಳಗೆ ಯಾವ ಹಾಸಿಗೆ,
ಹಗಲ ಪಾಳಿಯೋ ರಾತ್ರಿ ಪಾಳಿಯೋ.
ನಾಲ್ಕೂ ಒಂದೇ ಆದ ಇಬ್ಬರನ್ನು
ಬರೆಯುವ ಹಾಗಿಲ್ಲ. ಬರೆದರೆ
ಬೆಳಗಿನ ಜಾವ ಹೊಡೆದಾಟ.

ಮೊದಲ ಸಲ ಗೆರೆ ಎಳೆಯುವಾಗ ಕೈ ನಿಂತಿತು.
ಇಪ್ಪತ್ತೆರಡು ವರ್ಷದ ಹಿಂದೆ, ಕುಮಟೆಯ ಕಾಲೇಜಿನಲ್ಲಿ
ಶಾನಭಾಗ ಮಾಸ್ತರರು ಬೋರ್ಡಿನ ಮೇಲೆ ಬರೆದದ್ದು ಇದೇ,
ಎನ್, ಎಲ್, ಎಮ್, ಎಸ್.
‘ಇಲೆಕ್ಟ್ರಾನಿನ ವಿಳಾಸ ಮಾರಾಯಾ ಇದು’ ಅಂದಿದ್ದರು.
ನಾನು ಕಿಟಕಿಯಾಚೆ ನೋಡುತ್ತಿದ್ದೆ.
ಅದೊಂದೇ ವಿಷಯದಲ್ಲಿ ಫೇಲು. ಆಮೇಲೆ ಪಾಸ್‌ಪೋರ್ಟು.

ಒಂದನೆಯ ಮಹಡಿಯಲ್ಲಿ ಒಂದೇ ಕೋಣೆ, ಒಂದೇ ಹಾಸಿಗೆ.
ಎರಡರಲ್ಲಿ ಅಂಥದೇ ಒಂದು, ಪಕ್ಕಕ್ಕೆ
ಮೂರು ಹಾಸಿಗೆಯ ಇನ್ನೊಂದು.
ಮೂರರಲ್ಲಿ ಆ ಎರಡೂ ಉಂಟು, ಹಿಂದುಗಡೆ
ಐದು ಹಾಸಿಗೆಯ ಉದ್ದ ಕೋಣೆ,
ಎಸಿ ಕೆಟ್ಟಿದೆ, ಪಾರಿವಾಳ ಮೊಟ್ಟೆಯಿಟ್ಟಿದೆ.
ಜನ ಹೆಚ್ಚಾದರೂ ಅದರ ಬಾಗಿಲು ತೆರೆಸುವವರಿಲ್ಲ,
ತಾರಸಿಯ ಒಂಟಿ ಶೆಡ್ಡಿಗೇ ಮೊದಲು ಹತ್ತುತ್ತಾರೆ.
ಮೂರರ ಡಿಗಿಂತ ನಾಲ್ಕರ ಎಸ್ ಮೊದಲು ತುಂಬುತ್ತದೆ,
ಇದನ್ನೂ ಹೇಳಿದ್ದರು ಮಾಸ್ತರರು.
ಯಾಕೆ ಅಂತ ಕ್ಲಾಸಿನಲ್ಲಿ ಯಾರೂ ಕೇಳಲಿಲ್ಲ.
ಜುಲೈಯ ಸಿತ್ರಾ ನಮಗೆ ಗೊತ್ತಿರಲಿಲ್ಲವಲ್ಲ.

ಇದ್ದವರು ಹದಿಮೂರು ಜನ,
ಎಲ್ಲರೂ ಅಲ್ಯುಮಿನಿಯಂ ಕರಗಿಸುವ ಕಾರ್ಖಾನೆಯವರು.
ಹದಿಮೂರು! ನಾನು ಬೇಕೆಂದು ಎಣಿಸಿ ತಂದದ್ದಲ್ಲ.

ಎರಡನೆಯ ಮಹಡಿಯ ಮೂರು ಹಾಸಿಗೆಗೆ
ಮೊದಲು ಮೂವರು ಬಂದರು.
ಒಬ್ಬೊಬ್ಬರಿಗೆ ಒಂದೊಂದು, ಎಲ್ಲರೂ ಹಗಲ ಪಾಳಿ, ಏನು ಸ್ನೇಹ!
ನಾಲ್ಕನೆಯವನು ಪೆಟ್ಟಿಗೆ ಇಳಿಸಿದ ದಿನ
ಮುಖ ಊದಿಸಿಕೊಂಡು ಜಾಗ ಹಂಚಿದರು.
ಹಾಗೆ ಕಿಟಕಿ ಪಕ್ಕದ್ದು ಇಬ್ಬರಿಗಾಯಿತು.
ರಾತ್ರಿ ದುಡಿದ ಹಸನಬ್ಬ ಹತ್ತುವಾಗ
ವಾಲ್ಟರ್ ಕ್ರಾಸ್ತಾ ಇಳಿಯುತ್ತಾನೆ,
ಅದೇ ಮೆಟ್ಟಿಲು, ಒಬ್ಬನ ತಿರುವು ಬಲಕ್ಕೆ, ಒಬ್ಬನದು ಎಡಕ್ಕೆ.
ನಾಲ್ಕು ವರ್ಷ. ಒಟ್ಟಿಗೆ ಕೂತು ಚಾ ಕುಡಿದವರಲ್ಲ.
ದಿಂಬಿನಡಿ ಚೀಟಿ:
‘ತಿಗಣೆಗೆ ಔಷಧ ಹೊಡೆದಿದ್ದೇನೆ, ಮುಖ ಇಡಬೇಡ.’
‘ಮಗಳ ರಿಸಲ್ಟು ಏನಾಯಿತು?’
ಆ ಹಾಸಿಗೆ ತಣ್ಣಗಾದದ್ದನ್ನು
ಇಬ್ಬರೂ ಕಂಡಿಲ್ಲ.

ಹದಿಮೂರನೆಯವನು ದೇರಣ್ಣ.
ಮೂರನೆಯ ಮಹಡಿ, ಮೂರು ಹಾಸಿಗೆಗೆ ಒಬ್ಬನೇ.
ಒಂದರಲ್ಲಿ ಅವನು, ಒಂದರಲ್ಲಿ ಅಂಗಿಗಳು,
ಮೂರನೆಯದರಲ್ಲಿ ಬಾಯಿ ತೆರೆದ ಸೂಟ್‌ಕೇಸು.
ಹೊರಗಿನವನ ಮೇಲೆ ನಡುವಿನ ಹಿಡಿತ ಕಮ್ಮಿ.
ರಂಜಾನ್ ಕಳೆದ ಮೇಲೆ ಒಂದು ಮಂಗಳವಾರ ಹೋದ,
ಹಿಂದೆಯೇ ಪಕ್ಕದ ಕೋಣೆಯ ಇಬ್ಬರು,
ಗುಲಾಂ ರಸೂಲ್, ತಿರುನಾವುಕ್ಕರಸು.

ಉಳಿದದ್ದು ಹತ್ತು.
ಕೆಳಗಿನ ಎರಡು ಮಹಡಿ ಭರ್ತಿ, ಜಗಳವಿಲ್ಲ, ಬೇಡಿಕೆಯಿಲ್ಲ.
ಎದುರಿನ ಕೆಫೆಟೇರಿಯಾದ ನಿಯಾನ್ ಬೋರ್ಡಿಗೂ ಅದೇ ಹತ್ತು,
ಯಾರ ಗೊಡವೆಗೂ ಹೋಗದ ಕೆಂಪು.
ಅಷ್ಟು ನಿಶ್ಶಬ್ದ ನನಗೆ ಒಗ್ಗಲಿಲ್ಲ.

ವಾಲ್ಟರ್ ಹೇಳುತ್ತಿದ್ದ: ಕುಲುಮೆಯ ಹತ್ತಿರ ವಾಚು ನಿಂತುಹೋಗುತ್ತದಂತೆ,
ಅಷ್ಟು ಕರೆಂಟು. ಮೂರು ಕಳಕೊಂಡದ್ದಕ್ಕೆ
ಮೂರನ್ನು ತಿರುಗಿ ಕೊಡಬೇಕು,
ಆಗಲೇ ತಳಕ್ಕೆ ಇಳಿಯುವುದು ಲೋಹ.

ಇವತ್ತು ಸಂಜೆ ಕಂಪೆನಿ ವ್ಯಾನಿನಿಂದ ಮೂವರು ಇಳಿದರು.
ಇಲೆಕ್ಟ್ರಾನಿಗೆ ಹೆಸರಿಲ್ಲ. ಒಂದರ ಜಾಗಕ್ಕೆ ಇನ್ನೊಂದು ಬಂದರೆ
ಪರಮಾಣುವಿಗೆ ಗೊತ್ತೇ ಆಗುವುದಿಲ್ಲ.
ಲೆಕ್ಕ ಸರಿಯಾಯಿತು, ನಾಲ್ಕೂ ಕಾಲಂ ತುಂಬಿದೆ.

ಮೂರನೆಯ ಮಹಡಿಯ ಹೊಸ ಹುಡುಗ
ಗೋಡೆಯ ಮೇಲಿನ ಎಣ್ಣೆಯ ಕಲೆ ನೋಡುತ್ತಾ ಕೂತಿದ್ದ,
ತಲೆ ಒರಗಿ ಒರಗಿ ಆದದ್ದು.
‘ಇಲ್ಲಿ ಯಾರಿದ್ದದ್ದು?’ ಅಂದ.
ನಿನಗಿಂತ ಒಂದು ಗೇಣು ಎತ್ತರದವನು, ಅಂದೆ.